ಹೊಸ್ತಿಲ ಬಳಿಯ ಎಲೆ

ನಮ್ಮ ಮಾವ ಕದಿರಪ್ಪನವರು ಕತ್ತೆ ಕೂಗಿದರೆ ಆಡುತ್ತಿದ್ದ ಮಾತು ನಿಲ್ಲಿಸಿಬಿಡುತ್ತಿದ್ದರು. ಊಟಕ್ಕೆ ಕೂತಿದ್ದರೆ ಮುದ್ದೆ ಮುರಿದ ಕೈ ಸಾರಿನ ಮೇಲೆ ಹಾಗೆಯೇ ನಿಲ್ಲುತ್ತಿತ್ತು. ಕೇರಿಯ ಕೊನೆಯಲ್ಲಿ ಬಟ್ಟೆ ಒಗೆಯುವ ಆಂಜಿನಮ್ಮನ ಮನೆ. ಅವಳ ಕತ್ತೆ ಕೆರೆಯಿಂದ ಮೂಟೆ ಹೊತ್ತು ಬಂದು, ಬೆನ್ನು ಹಗುರಾದ ಕೂಡಲೇ ಊರಿಗೆಲ್ಲ ಕೇಳುವಂತೆ ಒಮ್ಮೆ ಕೂಗುತ್ತಿತ್ತು. ಮಾವ ಕಣ್ಣು ಮುಚ್ಚಿ ಆ ಕೂಗನ್ನು ಕೊನೆಯವರೆಗೆ ಕೇಳಿಸಿಕೊಂಡು, "ಚೆನ್ನಾಗಿ ಕೂಗ್ತು" ಎಂದು ಹೇಳಿ ಮುದ್ದೆ ನುಂಗುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಹಿಂದೆ ಸರಿಯುತ್ತಿದ್ದೆ. ನನ್ನ ಮಗಳು ಹುಟ್ಟಿ ಕೈಕಾಲು ಆಡಿಸುವ ಹೊತ್ತಿಗೆ ಅವಳನ್ನೂ ತೊಡೆಯ ಮೇಲೆ ಕೂರಿಸಿಕೊಂಡು, "ಕೇಳು ಮಗಾ, ಕೇಳು. ದನಿ ಅಂದ್ರೆ ಅದು" ಎನ್ನುತ್ತಿದ್ದರು.

ನನ್ನ ತವರು ಮುಳಬಾಗಿಲಿನ ಕಡೆ, ಕುರುಡುಮಲೆಯ ಹತ್ತಿರ. ಕೊಟ್ಟದ್ದು ಮಾಲೂರು ತಾಲ್ಲೂಕಿಗೆ. ಗಾಳಿ ಆ ಕಡೆಯಿಂದ ಬೀಸಿದರೆ ಶಿವಾರಪಟ್ಟಣದ ಶಿಲ್ಪಿಗಳ ಉಳಿಯ ಸದ್ದು ನಮ್ಮ ಹಿತ್ತಲವರೆಗೂ ಬರುತ್ತದೆ. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಒಂದು ಜೋಡಿ ಎತ್ತು. ಎತ್ತುಗಳು ಮಾವನವರ ಲೋಕ. ಗಾಡಿ ಏರು ಹತ್ತುವಾಗ ಅವರು ಎಂದೂ ಮೇಲೆ ಕೂತವರಲ್ಲ. ಇಳಿದು, ನೊಗಕ್ಕೆ ಹೆಗಲು ಕೊಟ್ಟು ಎತ್ತಿನ ಪಕ್ಕದಲ್ಲೇ ನಡೆಯುತ್ತಿದ್ದರು. ಮಳೆಗಾಲದಲ್ಲಿ ಕೊಟ್ಟಿಗೆ ಸೋರಿದರೆ ತಮ್ಮ ಕಂಬಳಿ ಎತ್ತಿನ ಬೆನ್ನಿಗೆ ಹೊದಿಸಿ ತಾವು ಗೋಣಿ ಹೊದ್ದು ಕೂರುತ್ತಿದ್ದರು. ಇಡೀ ಮನೆ ಬಾಡು ತಿನ್ನುವಾಗ ಅವರೊಬ್ಬರು ಸೊಪ್ಪಿನ ಸಾರಿನಲ್ಲಿ ಉಣ್ಣುತ್ತಿದ್ದರು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟವರಲ್ಲ. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು ಎಂದು ಊರಿಗೆಲ್ಲ ಗೊತ್ತು. ಅಲ್ಲಿ ಏನು ಮಾಡಿದರು ಎಂದು ಒಬ್ಬರಿಗೂ ಗೊತ್ತಿಲ್ಲ. ಕೇಳಿದವರಿಗೆ, "ನಡೆದೆವಪ್ಪ, ಬರೀ ನಡೆದೆವು" ಎನ್ನುವುದು ಬಿಟ್ಟು ಬೇರೆ ಉತ್ತರ ಕೊಟ್ಟಿರಲಿಲ್ಲ.

ಅವರು ತೀರಿಕೊಂಡದ್ದು ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ. ವರ್ಷದ ತಿಥಿ ಮುಗಿಯಿತು. ವರ್ಷ ತುಂಬಿದ ಮೇಲೆ ಹೋದವರು ಹಿರಿಯರ ಸಾಲಿಗೆ ಸೇರುತ್ತಾರೆ, ಮಹಾಲಯ ಅಮಾವಾಸ್ಯೆಯ ದಿನ ಅವರಿಗೂ ಎಡೆ ಇಡಬೇಕು. ಮನೆಯಲ್ಲಿ ತೊಡಕು ಶುರುವಾದದ್ದು ಅಲ್ಲಿಂದ.

ನಮ್ಮಲ್ಲಿ ಹಿರಿಯರ ಹಬ್ಬ ಹೀಗೆ. ನಡುಮನೆಯಲ್ಲಿ ಸಾಲಾಗಿ ಬಾಳೆ ಎಲೆ ಹಾಕಿ, ಒಬ್ಬೊಬ್ಬ ಹಿರಿಯರಿಗೂ ಒಂದೊಂದು ಎಡೆ. ಮುದ್ದೆ, ಬಾಡಿನ ಸಾರು, ವಡೆ, ಪಾಯಸ, ಜೊತೆಗೆ ಅವರವರಿಗೆ ಬದುಕಿದ್ದಾಗ ಇಷ್ಟವಾದದ್ದು. ಬೀಡಿ ಸೇದಿದವರಿಗೆ ಬೀಡಿ, ಕುಡಿದವರಿಗೆ ಒಂದು ಗುಟುಕು. ಸಾಂಬ್ರಾಣಿ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂರಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಮನೆಯ ದೊಡ್ಡವರು ಒಮ್ಮೆ ಕೆಮ್ಮಿ ಬಾಗಿಲು ತೆಗೆಯಬೇಕು. ಕೆಮ್ಮುವುದು ಅವರಿಗೆ ಏಳಲು ಹೊತ್ತು ಕೊಡಲಿಕ್ಕೆ.

ನಮ್ಮ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಎಲೆ ಇರುತ್ತಿತ್ತು. ಸಾಲಿನಲ್ಲಲ್ಲ, ಹೊಸ್ತಿಲ ಬಳಿ, ಒಂಟಿಯಾಗಿ. ಬಾಳೆ ಎಲೆಯಲ್ಲ, ಮುತ್ತುಗದ ಎಲೆ. ಅದರ ಮೇಲೆ ಉಪ್ಪು ಹಾಕದೆ ಬೇಯಿಸಿದ ಹುರುಳಿ, ಒಂದು ತುಂಡು ಬೆಲ್ಲ, ನಾಲ್ಕು ಹರಳು ಕಲ್ಲುಪ್ಪು. ಇಷ್ಟನ್ನೂ ಮಾವ ತಾವೇ ಮಾಡುತ್ತಿದ್ದರು. ಹುರುಳಿ ಆರಿಸುವುದಕ್ಕೂ ನಮ್ಮನ್ನು ಬಿಡುತ್ತಿರಲಿಲ್ಲ. ಬಾಗಿಲು ತೆರೆದ ಮೇಲೆ ಉಳಿದ ಎಡೆಗಳನ್ನು ಮನೆಯವರು ಹಂಚಿಕೊಂಡು ಉಂಡರೆ, ಆ ಎಲೆಯನ್ನು ಮಾತ್ರ ಎತ್ತಿಕೊಂಡು ಹೋಗಿ ಎತ್ತುಗಳ ಮುಂದೆ ಇಡುತ್ತಿದ್ದರು. ಇದು ಯಾರಿಗೆ ಎಂದು ಯಾರಾದರೂ ಕೇಳಿದರೆ, "ನಮ್ಮವರಿಗೇ" ಎನ್ನುವರು.

ಊರಿಗೆ ಅಷ್ಟು ಸಾಕಲ್ಲ. ಯುದ್ಧಕ್ಕೆ ಹೋದ ಕದಿರಪ್ಪನಿಗೆ ಬರ್ಮಾದಲ್ಲಿ ಒಬ್ಬಳಿದ್ದಳು, ಅಲ್ಲೇ ಸತ್ತಳು, ಬೇರೆ ಜಾತಿಯವಳಾದ್ದರಿಂದ ಎಡೆ ಹೊಸ್ತಿಲ ಹತ್ತಿರ, ಹೀಗೆ ಕತೆ ಬೆಳೆದಿತ್ತು. ನನ್ನ ಅತ್ತೆ ಮುತ್ಯಾಲಮ್ಮ ಅದನ್ನು ನಂಬಿದ್ದರು. ನಂಬಲು ಅವರಿಗೆ ಅವರದೇ ಕಾರಣವಿತ್ತು. ಮಾವನಿಗೆ ಆಗಾಗ ಚಳಿಜ್ವರ ಬರುತ್ತಿತ್ತು, ಯುದ್ಧದಿಂದ ತಂದ ಜ್ವರ.

"ಜ್ವರ ಏರಿದಾಗ ಕೈ ಚಾಚಿ ಯಾರನ್ನೋ ಎಬ್ಬಿಸೋರು ಕಣೇ," ಎಂದರು ಅತ್ತೆ, ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗ, ಹುಳುವಿಗೆ ಸೊಪ್ಪು ಕೊಚ್ಚುತ್ತಾ. "'ಏಳೇ, ಏಳು ತಾಯಿ, ಇನ್ನೊಂದು ಗುಡ್ಡ ಅಷ್ಟೇ' ಅನ್ನೋರು. ಎಷ್ಟು ಅಕ್ಕರೆ ಆ ಮಾತಲ್ಲಿ. ನನ್ನ ಒಂದು ದಿನಾನಾದ್ರೂ ಹಂಗೆ ಎಬ್ಬಿಸಿದಾರಾ? 'ಏಯ್, ಹೊತ್ತಾಯ್ತು' ಅಷ್ಟೇ."

"ಕೇಳ್ಲಿಲ್ವಾ ಅತ್ತೆ, ಯಾರದು ಅಂತ?"

"ಒಂದ್ಸಲ ಕೇಳ್ದೆ. ಎದ್ದು ಕೊಟ್ಟಿಗೆಗೆ ಹೋಗಿ ಮಲಗಿದ್ರು. ಆಮೇಲೆ ಕೇಳ್ಲಿಲ್ಲ." ಕುಡುಗೋಲು ನಿಂತಿತು. "ಈಗ ಅವರ ಎಲೆ ಸಾಲಲ್ಲಿ ಹಾಕ್ತೀನಿ. ಅವಳ ಎಲೆ ನಾನ್ಯಾಕೆ ಹಾಕ್ಲಿ? ಬದುಕಿದ್ದಾಗ ಅವರೇ ಹಾಕ್ಕೊಂಡ್ರು, ಸುಮ್ನಿದ್ದೆ. ನನ್ನ ಕೈಯಾರ ಅವಳಿಗೆ ಬಡಿಸೋದು ಅಂದ್ರೆ..." ಮತ್ತೆ ಸೊಪ್ಪು ಕೊಚ್ಚತೊಡಗಿ, ಸಣ್ಣ ದನಿಯಲ್ಲಿ ಅಂದರು: "ಹಾಕ್ದಿದ್ರೆ ಅವರು ಉಣ್ತಾರಾ? ಅದೊಂದು ಹೇಳು ನಂಗೆ."

ಮೂವತ್ತೈದು ವರ್ಷ ಜೊತೆಗೆ ಬದುಕಿದ ಗಂಡನ ಮೊದಲ ಎಡೆ ಇಡುವಾಗ ಈ ಹೆಂಗಸಿನ ಮನಸ್ಸಿನಲ್ಲಿ ಅನುಮಾನ ಇರಬಾರದು ಎಂದು ಅನ್ನಿಸಿತು. ಆ ರಾತ್ರಿ ಮಗಳಿಗೆ ಹಲ್ಲು ಬಂದದ್ದು, ಹುಳು ಪೊರೆ ಬಿಟ್ಟು ಎದ್ದದ್ದು ಬರೆದಿಡುವ ನನ್ನ ಡೈರಿಯಲ್ಲಿ ಒಂದು ಸಾಲು ಸೇರಿಸಿದೆ: ಅಮಾವಾಸ್ಯೆಯೊಳಗೆ ಮಾವನವರ ವಿಷಯ ತಿಳಿಯಬೇಕು.

ನಮ್ಮ ಯಜಮಾನರು ಚಂದ್ರಶೇಖರ ನಕ್ಕರು. "ಬರ್ಮಾದಲ್ಲಿ ನಂಗೊಬ್ಬ ಅಣ್ಣ ಸಿಕ್ಕಿದ್ರೆ ಹಿಪ್ಪುನೇರಳೆ ತೋಟ ಪಾಲು ಮಾಡ್ಬೇಕಾಗುತ್ತೆ. ಸುಮ್ನಿರು ಮಾರಾಯ್ತಿ."

"ಸಿಕ್ಕಿದ್ರೆ ಸಿಗ್ಲಿ, ಸೊಪ್ಪು ಕೊಯ್ಯೋಕೆ ಆಳಾಗುತ್ತೆ," ಎಂದೆ.

ಕೈಯಲ್ಲಿ ಏನೂ ಇರಲಿಲ್ಲ. ಸೈನ್ಯದ ಕಾಗದಗಳು ಅಟ್ಟದ ಮೇಲೆ ಗೆದ್ದಲಿಗೆ ಹೋಗಿ ಯಾವ ಕಾಲವಾಗಿತ್ತೋ. ಉಳಿದದ್ದು ಎತ್ತಿನ ಕೊರಳಲ್ಲಿತ್ತು. ಬಲಗಡೆಯ ಎತ್ತಿಗೆ ಮಾವ ಒಂದು ಅಗಲವಾದ ಚರ್ಮದ ಪಟ್ಟಿ ಕಟ್ಟಿದ್ದರು. ಅದರ ಗಂಟೆಗಳ ನಡುವೆ ಆರು ಮೂಲೆಯ ಒಂದು ಕಂಚಿನ ನಕ್ಷತ್ರ. ಅದು ಸರ್ಕಾರ ಕೊಟ್ಟ ಪದಕ ಎಂದು ನಮ್ಮವರಿಗೆ ಗೊತ್ತಿತ್ತು. "ನಂಗ್ಯಾಕೆ ಅದು, ಹೊತ್ತೋರಿಗೆ ಕೊಡ್ಬೇಕಾಗಿದ್ದು" ಎಂದು ಒಂದು ಸಂಕ್ರಾಂತಿಯಂದು ಎತ್ತಿಗೆ ಕಟ್ಟಿದ್ದರಂತೆ. ಎತ್ತು ಬದಲಾದರೂ ಪಟ್ಟಿ ಬದಲಾಗಲಿಲ್ಲ. ಅಮಾವಾಸ್ಯೆಗೊಮ್ಮೆ ಹರಳೆಣ್ಣೆ ಸವರಿ ಸವರಿ ಅದು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ಪಟ್ಟಿಯನ್ನು ಬಿಚ್ಚಿ ತೊಳೆದು, ನಕ್ಷತ್ರವನ್ನು ಹುಣಸೆಹಣ್ಣಿನಲ್ಲೇ ಉಜ್ಜಿದೆ. ಇಂಗ್ಲಿಷಿನಲ್ಲಿ ಬರ್ಮಾ ಎಂದು ಕಂಡಿತು. ಅತ್ತೆ ಅದನ್ನು ಓದಿಸಿ ಕೇಳಿ, "ನಾನು ಹೇಳ್ಲಿಲ್ವಾ" ಎಂದು ಒಳಗೆ ಹೋದರು.

ಕೋಲಾರದಲ್ಲಿ ಮಾಜಿ ಸೈನಿಕರ ಕಚೇರಿ ಇದೆ ಎಂದು ತಿಳಿದಿತ್ತು. ಮಗಳನ್ನು ಸೊಂಟಕ್ಕೆ ಹಾಕಿಕೊಂಡು, ಪಟ್ಟಿಯನ್ನು ಟವೆಲಿನಲ್ಲಿ ಸುತ್ತಿ ಒಂದು ದಿನ ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿಸಿದರು. ನಂಬರು, ಕಂಪನಿ ಹೆಸರು ಇಲ್ಲದೆ ಹುಡುಕುವುದು ಆಗುವುದಿಲ್ಲ ಎಂದರು. "ಹೊರಗೆ ಮರದ ಕೆಳಗೆ ಹಳಬರು ಕೂತಿರ್ತಾರೆ, ಕೇಳ್ನೋಡಿ. ಅವರಿಗೆ ತಲೆಯೊಳಗೇ ಎಲ್ಲಾ ಇರುತ್ತೆ."

ಮರದ ಕೆಳಗೆ ಇದ್ದವರಲ್ಲಿ ಶ್ರೀರಾಮಪ್ಪ ಎಂಬ ಮಾಜಿ ಹವಾಲ್ದಾರರು ಟವೆಲು ಬಿಚ್ಚಿ ನೋಡಿದರು. ನಕ್ಷತ್ರದ ಕಡೆ ಅವರ ಕಣ್ಣು ಹೋಗಲೇ ಇಲ್ಲ. ಪಟ್ಟಿಯನ್ನು ಮಡಿಸಿ, ಅದರ ಹಿತ್ತಾಳೆಯ ಬಕಲನ್ನು ತಿರುಗಿಸಿ, ಮೂಗಿಗೆ ಹಿಡಿದರು.

"ನಕ್ಷತ್ರ ಬರ್ಮಾದಲ್ಲಿದ್ದೋರಿಗೆಲ್ಲಾ ಕೊಟ್ರಮ್ಮಾ. ಈ ಪಟ್ಟಿ ಎಲ್ಲರ ಹತ್ರ ಇರಲ್ಲ. ಇದು ಕಚ್ಚರ್ ಕಂಪನಿದು."

"ಕಚ್ಚರ್ ಅಂದ್ರೆ?"

"ಹೇಸರಗತ್ತೆ. ಕುದುರೆಗೂ ಕತ್ತೆಗೂ ಹುಟ್ಟಿದ್ದು. ಬೆಟ್ಟಕಾಡಲ್ಲಿ ಲಾರಿ ಹೋಗಲ್ಲ, ಅದೇ ಹೊರಬೇಕು. ನಿಮ್ಮ ಮಾವ ಅದನ್ನ ನಡೆಸ್ತಿದ್ರು." ಪಕ್ಕದವರ ಕಡೆ ತಿರುಗಿ, "ನಮ್ಮ ಶ್ರೀನಿವಾಸಪುರದ ಮುನಿಶಾಮಿ ಅದೇ ಅಲ್ವೇನಯ್ಯಾ?" ಎಂದರು. ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಮುನಿಶಾಮಿ ವರ್ಷಕ್ಕೊಮ್ಮೆ ಬರುತ್ತಾರೆ, ಮಾವಿನ ತೋಟ ಇದೆ, ಊರು ಇಂಥದ್ದು ಎಂದು ಹೇಳಿದರು. "ಹೋಗಮ್ಮಾ. ಆದ್ರೆ ಬರ್ಮಾ ಅಂದ್ರೆ ಮುನಿಶಾಮಿ ಎದ್ದು ಹೋಗ್ತಾನೆ, ಹುಷಾರು."

ಮನೆಗೆ ಬಂದು ಹೇಳಿದಾಗ ಅತ್ತೆಗೆ ಅರ್ಥವಾಗಲಿಲ್ಲ. "ಹೇಸರಗತ್ತೆ ಕಾಯ್ತಿದ್ರಾ? ಅದನ್ನ ಹೇಳ್ಕೊಳ್ಳಕ್ಕೇನು ನಾಚಿಕೆ? ಇಲ್ಲಿ ಎತ್ತು ಕಾಯ್ಲಿಲ್ವಾ?" ಎಂದರು. ಮಾವ ಸೈನ್ಯ ಸೇರಿದ ದಿನ ಅತ್ತೆಗೆ ಚೆನ್ನಾಗಿ ನೆನಪಿತ್ತು. ದನದ ಜಾತ್ರೆಗೆ ಹೋದ ಮಾವ, ಬೆದರಿ ಜನರ ಮೇಲೆ ನುಗ್ಗುತ್ತಿದ್ದ ಒಂದು ಹೋರಿಯನ್ನು ಕಿವಿ ಹಿಡಿದು ಮಾತಾಡಿಸಿ ನಿಲ್ಲಿಸಿದ್ದರಂತೆ. ಸೈನ್ಯಕ್ಕೆ ಆಳು ಹುಡುಕುತ್ತಾ ಬಂದಿದ್ದ ಸಾಹೇಬನೊಬ್ಬ ಅದನ್ನು ನೋಡಿ ಅಲ್ಲೇ ಹೆಸರು ಬರೆಸಿಕೊಂಡನಂತೆ. ಅತ್ತೆ ಆಗ ಇನ್ನೂ ಹುಡುಗಿ, ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಮಾವ ತಿರುಗಿ ಬರುವ ಹೊತ್ತಿಗೆ ಯುದ್ಧ ಮುಗಿದು, ಮಾತೂ ಮುಗಿದಿತ್ತು.

"ನಾನೂ ಬರ್ತೀನಿ ಶ್ರೀನಿವಾಸಪುರಕ್ಕೆ," ಎಂದರು ಅತ್ತೆ.

ಹೋಗಲು ದಿನ ಹುಡುಕಬೇಕಿತ್ತು. ಹುಳು ಸೊಪ್ಪು ತಿನ್ನುವ ದಿನಗಳಲ್ಲಿ ಮನೆ ಬಿಡುವಂತಿಲ್ಲ. ಅವು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ತಲೆ ಎತ್ತಿ ಅಲುಗಾಡದೆ ನಿಂತಾಗ, ಒಂದು ದಿನ ಬಿಡುವು ಸಿಗುತ್ತದೆ. ಹುಳು ಮೂರನೇ ಜ್ವರಕ್ಕೆ ಕೂತ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಅತ್ತೆ ಪೆಟ್ಟಿಗೆಯಿಂದ ತಮ್ಮ ಮದುವೆಯ ರೇಷ್ಮೆ ಸೀರೆ ತೆಗೆದು ಉಟ್ಟಿದ್ದರು.

"ಇದ್ಯಾಕೆ ಅತ್ತೆ, ಬಸ್ಸಲ್ಲಿ ಮಾಸಿಹೋಗುತ್ತೆ."

"ಯಾವಳೇ ಆಗಿರ್ಲಿ. ಅವಳ ಸುದ್ದಿ ಕೇಳಕ್ಕೆ ಹಳೇ ಸೀರೇಲಿ ಹೋಗಲ್ಲ ನಾನು."

ಕೋಲಾರದಲ್ಲಿ ಬಸ್ಸು ಬದಲಾಯಿಸಿ, ಶ್ರೀನಿವಾಸಪುರದಲ್ಲಿ ಇಳಿದು, ಒಂದಷ್ಟು ದೂರ ನಡೆದೆವು. ಕಾಯಿ ಕಾಲ ಮುಗಿದು ಮಾವಿನ ಮರಗಳು ಸುಮ್ಮನೆ ನಿಂತಿದ್ದವು. ತೋಟದ ಮನೆಯ ಮುಂದೆ ಮುನಿಶಾಮಿಯವರು ನೇಗಿಲ ಮಿಣಿ ಹಗ್ಗ ಹೊಸೆಯುತ್ತಿದ್ದರು. ಉದ್ದನೆಯ ಆಳು, ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಅವರ ಹೆಂಡತಿ ಆದಿಲಕ್ಷ್ಮಮ್ಮ ತೆಲುಗಿನಲ್ಲಿ "ರಾಮ್ಮಾ, ಕೂಚೋ" ಎಂದು ಚಾಪೆ ಹಾಸಿದರು, ಮಗಳಿಗೆ ಒಂದು ಬೆಲ್ಲದ ಉಂಡೆ ಕೊಟ್ಟರು. ನಾನು ಮಾಲೂರಿನ ಕದಿರಪ್ಪನ ಸೊಸೆ ಎಂದೆ. ಮಿಣಿ ಅವರ ಕೈಯಿಂದ ಜಾರಿತು.

"ಅವನು ಹೆಂಗಿದಾನೆ?"

"ತೀರಿಕೊಂಡು ವರ್ಷದ ಮೇಲಾಯ್ತು."

ಅವರು ಬಿದ್ದ ಮಿಣಿಯನ್ನು ಎತ್ತಿ ಸುತ್ತಿಟ್ಟರು. "ಒಂದು ಹಗಲಿನ ದಾರಿ," ಎಂದರು ಕೊನೆಗೆ. "ನಾನು ಹೋಗ್ಲಿಲ್ಲ, ಅವನೂ ಬರ್ಲಿಲ್ಲ. ಮುಖ ಮುಖ ನೋಡಿದ್ರೆ ಅದೇ ನೆನಪಾಗುತ್ತೆ ಅಂತ, ರೈಲಿಳಿದ ದಿನಾನೇ ಮಾತಾಡ್ಕೊಂಡಿದ್ವಿ."

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಅಣ್ಣಾ, ನಾನು ಅವರ ಹೆಂಡತಿ. ಸುತ್ತಿಬಳಸಿ ಕೇಳಕ್ಕೆ ನಂಗೆ ಬರಲ್ಲ. ಬರ್ಮಾದಲ್ಲಿ ಅವರಿಗೊಬ್ಬಳಿದ್ದಳಂತೆ. ವರ್ಷಾವರ್ಷ ಅವಳಿಗೆ ಎಡೆ ಇಟ್ರು. ಈಗ ನಾನು ಇಡಬೇಕೋ ಬೇಡವೋ, ಅವಳು ಯಾರು ಅಂತ ಹೇಳಿ."

ಮುನಿಶಾಮಿಯವರು ಅವರನ್ನೇ ನೋಡಿದರು. "ಎಲೇಲಿ ಏನೇನು ಇಡ್ತಿದ್ದ?"

"ಹುರುಳಿ. ಬೆಲ್ಲ. ಕಲ್ಲುಪ್ಪು."

ಅವರು ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಮುಖಕ್ಕೆ ಮುಚ್ಚಿಕೊಂಡರು. ನಾನು ಟವೆಲು ಬಿಚ್ಚಿ ಪಟ್ಟಿಯನ್ನು ಅವರ ಮುಂದಿಟ್ಟೆ. ವಸ್ತ್ರ ಸರಿಸಿ ನೋಡಿದವರು, ಮಲಗಿದ ಮಗುವನ್ನು ಮುಟ್ಟುವ ಹಾಗೆ ಅದನ್ನು ಮುಟ್ಟಿದರು.

"ಇದು ಅವಳದ್ದೇ ತಂಗೀ. ಅವಳ ಎದೆಗೆ ಕಟ್ತಿದ್ದ ಪಟ್ಟಿ. ಹೆಂಗಸಲ್ಲ. ಹೇಸರಗತ್ತೆ."

ಅತ್ತೆ ಚಾಪೆಯ ಮೇಲೆ ಕೂತುಬಿಟ್ಟರು. ಮುನಿಶಾಮಿಯವರು ಹೇಳುತ್ತಾ ಹೋದರು. ಎದ್ದು ಹೋಗುವ ಮನುಷ್ಯ ಅಂದಿದ್ದರು, ಅವತ್ತು ಎದ್ದು ಹೋಗಲಿಲ್ಲ.

ಅವರ ಪಡೆ ಜಪಾನಿನವರ ಬೆನ್ನ ಹಿಂದೆ, ಕಾಡಿನೊಳಗೆ ಹೋಗಬೇಕಾಗಿತ್ತು. ರಸ್ತೆ ಇಲ್ಲ, ಊರಿಲ್ಲ. ಊಟವನ್ನು ವಿಮಾನದಿಂದ ಕೆಳಗೆ ಹಾಕುತ್ತಿದ್ದರು, ಎಲ್ಲಿ ಹಾಕಬೇಕೆಂದು ವೈರ್‌ಲೆಸ್ ಪೆಟ್ಟಿಗೆಯಿಂದ ಹೇಳಬೇಕು. ಆ ಪೆಟ್ಟಿಗೆಯನ್ನು ಹೊತ್ತದ್ದು ಮಾವನವರ ಹೇಸರಗತ್ತೆ. ಹೊರಡುವ ಮೊದಲು ಪ್ರಾಣಿಗಳಿಗೆಲ್ಲ ಮತ್ತಿನ ಔಷಧಿ ಕೊಟ್ಟು ಗಂಟಲಿನ ದನಿ ತೆಗೆದರಂತೆ. ಕಾಡಿನಲ್ಲಿ ಒಂದು ಕೂಗಿದರೂ ಸಾಕು, ಶತ್ರುವಿಗೆ ಗೊತ್ತಾಗಿ ಎಲ್ಲರೂ ಸಾಯುತ್ತಾರೆ ಎಂದು.

"ಎಚ್ಚರ ಆದ ಮೇಲೆ ಅವು ಬಾಯಿ ತೆಗೆದವು. ದನಿ ಬರ್ಲಿಲ್ಲ. ಮತ್ತೆ ತೆಗೆದವು. ಯಾಕೆ ಬರ್ತಿಲ್ಲ ಅಂತ ನಮ್ಮ ಮುಖ ನೋಡ್ತಿದ್ವು. ಕದಿರ ಅವಳ ಗಂಟಲು ಸವರ್ತಾ ಇಡೀ ದಿನ ಕೂತಿದ್ದ. ಉಳಿದೋರೆಲ್ಲಾ ಗೊರಸಿನ ಮೇಲಿನ ನಂಬರ್‌ನಿಂದ ಕರೀತಿದ್ವಿ. ಅವನೊಬ್ಬ ಮಾತ್ರ ತಾಯಿ ಅಂತಿದ್ದ."

ನನಗೆ ಆಂಜಿನಮ್ಮನ ಕತ್ತೆ ನೆನಪಾಯಿತು. ಸಾರಿನ ಮೇಲೆ ನಿಂತ ಮಾವನವರ ಕೈ ಕಣ್ಣಿಗೆ ಬಂತು. ನಾನು ಒಲೆಯ ಹಿಂದೆ ನಕ್ಕಿದ್ದೆ.

ತಿಂಗಳುಗಟ್ಟಲೆ ನಡೆದ ಮೇಲೆ ಹಿಂದಿರುಗುವ ದಾರಿಯಲ್ಲಿ ಒಂದು ದೊಡ್ಡ ಹೊಳೆ. ದಾಟುವಾಗ ಪೆಟ್ಟಿಗೆಗೆ ನೀರು ನುಗ್ಗಿತು. ಮಾವ ಅವಳ ಬಾಲ ಹಿಡಿದು ಈಚೆ ದಡಕ್ಕೆ ಬಂದರು, ಅವಳಿಂದಲೇ ಬದುಕಿದರು. ಪೆಟ್ಟಿಗೆ ಮಾತ್ರ ಸತ್ತಿತು. ಆಮೇಲೆ ವಿಮಾನ ಬರಲಿಲ್ಲ. ಬೇರು ಅಗಿದರು, ಬಿದಿರ ಕಳಲೆ ತಿಂದರು, ಒಂದೊಂದಾಗಿ ಪ್ರಾಣಿಗಳು ಕಡಿಮೆಯಾದವು. ಮುನಿಶಾಮಿಯವರ ಕಾಲಿಗೆ ಗುಂಡು ತಾಗಿ ಕೀವಾಗಿತ್ತು, ಮೇಲೆ ಜ್ವರ. ನಡೆಯಲಾಗದವರನ್ನು ಬಿಟ್ಟು ಹೋಗಬೇಕೆಂದು ಆಜ್ಞೆ. ಮಾವ ಅವರನ್ನು ಅವಳ ಬೆನ್ನಿಗೆ ಕಟ್ಟಿದರು.

"ಅವಳೂ ಮೂಳೆ ಚಕ್ಕಳ ಆಗಿದ್ದಳು. ಗುಡ್ಡ ಹತ್ತುವಾಗ ಮುಗ್ಗರಿಸೋಳು. ಇವನು ಪಕ್ಕದಲ್ಲಿ ಹೆಗಲು ಕೊಟ್ಟು, 'ಏಳೇ, ಏಳು ತಾಯಿ, ಇನ್ನೊಂದು ಗುಡ್ಡ ಅಷ್ಟೇ' ಅನ್ನೋನು. ಅವಳು ಏಳೋಳು. ಪ್ರತಿ ಗುಡ್ಡಕ್ಕೂ ಅದೇ ಸುಳ್ಳು ಹೇಳಿದ. ಪ್ರತಿ ಗುಡ್ಡಕ್ಕೂ ನಂಬಿದಳು."

ಅತ್ತೆ ಉಸಿರು ಒಳಗೆಳೆದುಕೊಂಡದ್ದು ನನಗೆ ಕೇಳಿಸಿತು.

"ಒಂದು ದಿನ ಏಳ್ಲಿಲ್ಲ. ಸಾಹೇಬ ಇನ್ನೊಬ್ಬನ ಕೈಗೆ ಚಾಕು ಕೊಟ್ಟ. ಗುಂಡು ಹಾರಿಸೋ ಹಂಗಿಲ್ಲ, ಸದ್ದಾಗುತ್ತೆ. ಕದಿರ ಅಡ್ಡ ನಿಂತ. ಜಗಳಕ್ಕೆ ಬರ್ತಾನೆ ಅಂದ್ಕೊಂಡ್ವಿ. 'ಅವಳಿಗೆ ನನ್ನ ಕೈ ಗೊತ್ತು ಸಾಬ್, ನನ್ನ ಕೈಯಲ್ಲೇ ಆಗ್ಲಿ' ಅಂದ. ಆಮೇಲೆ ಅಂಗಿ ಒಳಗಿಂದ ಒಂದು ಗಂಟು ತೆಗೆದ. ಒಂದು ಹಿಡಿ ಹುರುಳಿ, ಚೂರು ಬೆಲ್ಲ, ಉಪ್ಪು. ತಂಗೀ, ನಾವು ಮರದ ತೊಗಟೆ ತಿಂತಿದ್ವಿ. ಅವನ ಹೊಟ್ಟೆ ಬೆನ್ನಿಗೆ ಅಂಟಿತ್ತು. ಆ ಗಂಟು ಅಷ್ಟೂ ದಿನ ಅವನ ಎದೆ ಹತ್ರಾನೇ ಇತ್ತು, ಒಂದು ಕಾಳು ಬಾಯಿಗೆ ಹಾಕಿರ್ಲಿಲ್ಲ. ನೀರಲ್ಲಿ ನೆನೆಸಿ ಅವಳಿಗೆ ತಿನ್ನಿಸ್ದ. ಅವಳು ನಿಧಾನವಾಗಿ ತಿಂದಳು. ಕೈ ನೆಕ್ಕಿದಳು. ಆಮೇಲೆ ತನ್ನ ರುಮಾಲು ಅವಳ ಕಣ್ಣಿಗೆ ಕಟ್ಟಿದ."

ಗಾಳಿಯಿಲ್ಲದ ತೋಟದಲ್ಲಿ ನನ್ನ ಮಗಳು ಬೆಲ್ಲ ಚೀಪುವ ಸದ್ದೊಂದೇ ಇತ್ತು.

"ಬಾಯಿ ತೆಗೆದಳು. ದನಿ ಎಲ್ಲಿಂದ ಬರ್ಬೇಕು."

ಆಮೇಲೆ ನಡೆದದ್ದನ್ನು ಅವರು ನೆಲ ನೋಡುತ್ತಾ ಹೇಳಿದರು. ಮಾವನವರೇ ಆ ಮಾಂಸ ಬೇಯಿಸಿ, ತಟ್ಟೆಯಲ್ಲಿ ತಂದು ಮುನಿಶಾಮಿಯವರ ಬಾಯಿಗೆ ಹಿಡಿದರು. ಇವರು ತಿನ್ನಲ್ಲ ಎಂದು ಮುಖ ತಿರುಗಿಸಿದರು. "'ತಿನ್ನೋ' ಅಂದ. 'ಅವಳು ನಿನ್ನ ಹೊತ್ತು ಸತ್ತಳು. ನೀನು ಇಲ್ಲಿ ಸತ್ರೆ ಅವಳು ನಡೆದಿದ್ದೆಲ್ಲಾ ದಂಡ.' ನಂಗೆ ತಿನ್ನಿಸಿ ಆಮೇಲೆ ತಾನು ತಿಂದ. ಅಳ್ತಾ ತಿಂದ. ಮಾರನೇ ದಿನದಿಂದ ನನ್ನ ಅವನೇ ಹೊತ್ತ."

ಅವರು ತಲೆ ಎತ್ತಿ ಅತ್ತೆಯನ್ನು ನೋಡಿದರು. "ಊರಲ್ಲಿ ಗೊತ್ತಾದ್ರೆ ಪಂಕ್ತಿಯಿಂದ ಎಬ್ಬಿಸ್ತಾರೆ, ಹೆಣ್ಣು ಕೊಡಲ್ಲ, ತರಲ್ಲ. ತಿನ್ನಬಾರದ್ದು ತಿಂದೋರು ನಾವು. ಇಗೋ, ಇವಳಿಗೂ ಇವತ್ತೇ ಗೊತ್ತಾಗ್ತಿರೋದು."

ಆದಿಲಕ್ಷ್ಮಮ್ಮ ಮಜ್ಜಿಗೆಯ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. "ಇನ್ನೇಳ್ಳು ನಾತೋ ಚೆಪ್ಪಲೇದೇ," ಎಂದರು ಗಂಡನಿಗೆ. ಇಷ್ಟು ವರ್ಷ ನನಗೆ ಹೇಳಲಿಲ್ಲವಲ್ಲ ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ. ಲೋಟ ಕೊಡಬೇಕೋ ಬೇಡವೋ ಎಂದು ನಮ್ಮ ಮುಖ ನೋಡಿದರು. ಇದನ್ನು ಕೇಳಿದ ಮೇಲೆ ಬಂದ ನೆಂಟರು ಆ ಮನೆಯ ನೀರು ಮುಟ್ಟುತ್ತಾರೋ ಇಲ್ಲವೋ ಎಂಬುದು ಆ ನೋಟದಲ್ಲಿತ್ತು.

ಅತ್ತೆ ಎದ್ದು ಹೋಗಿ ಒಂದು ಲೋಟ ತೆಗೆದುಕೊಂಡು ಮುನಿಶಾಮಿಯವರ ಕೈಗೆ ಕೊಟ್ಟರು. "ನಿಮ್ಮ ಕೈಯಿಂದ ಕೊಡಿ ಅಣ್ಣಾ," ಎಂದರು. ಅವರು ತಿರುಗಿ ಕೊಟ್ಟ ಲೋಟವನ್ನು ಅತ್ತೆ ಎತ್ತಿ, ಒಂದೇ ಗುಟುಕಿನಲ್ಲಿ ಕುಡಿದು, ಇನ್ನೊಂದು ಲೋಟ ಕೇಳಿದರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅಳುತ್ತಿದ್ದಾರೆಂದು ನಾನು ಮಾತಾಡಿಸಲಿಲ್ಲ. ಕೋಲಾರ ದಾಟಿದ ಮೇಲೆ ನೋಡಿದರೆ ಹೆಗಲು ಅಲುಗುತ್ತಿದೆ, ನಗು.

"ಮೂವತ್ತೈದು ವರ್ಷ ಕಣೇ ನಾಗಮಣಿ. ಅವಳು ನಂಗಿಂತ ಬೆಳ್ಳಗಿದ್ದಳೇನೋ, ಉದ್ದ ಜಡೆ ಇತ್ತೇನೋ ಅಂತ ಕನ್ನಡಿ ನೋಡ್ಕೊಂಡೆನಲ್ಲೇ." ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ನಗು ನಿಂತಿತು. "ಅಷ್ಟು ಹಸಿವಲ್ಲಿ ಎದೆ ಹತ್ರ ಹುರುಳಿ ಇಟ್ಕೊಂಡು ತಿನ್ನದೇ ಇದ್ರಲ್ಲ. ಅಂಥೋರ ಜೊತೆ ಮನೆ ಮಾಡ್ದೆ, ಗೊತ್ತೇ ಆಗ್ಲಿಲ್ಲ."

ನಾನೂ ಅದನ್ನೇ ಯೋಚಿಸುತ್ತಿದ್ದೆ. ದಿನಾ ಸಂಜೆ ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಂಡ ಕೈ ಅದೇ. ನನ್ನ ಮಗಳಿಗೆ ಎಣ್ಣೆ ಹಚ್ಚಿ ಕಾಲು ನೀವಿದ ಕೈ ಅದೇ.

ಅಮಾವಾಸ್ಯೆಯ ಹಿಂದಿನ ದಿನ ಅತ್ತೆ ಮೊರದ ತುಂಬ ಹುರುಳಿ ಹಾಕಿಕೊಂಡು ಕೂತು ಕಲ್ಲು ಆರಿಸಿದರು. ನಾನು ಕೈ ಹಾಕಲು ಹೋದರೆ ಕೈ ಸರಿಸಿದರು. ಮಾರನೆಯ ದಿನ ನಡುಮನೆಯಲ್ಲಿ ಎಲೆಗಳ ಸಾಲು ಹಾಕಿದೆವು. ಮಾವನವರ ಎಲೆಗೆ ಬಾಡು ಬಡಿಸಲು ಹೋದ ನಮ್ಮವರನ್ನು ಅತ್ತೆ ತಡೆದು, "ಅವರಿಗೆ ಸೊಪ್ಪಿನ ಸಾರು" ಎಂದರು. ಆಮೇಲೆ ಹುರುಳಿಯ ಪಾತ್ರೆ ಹಿಡಿದು ಬಂದರು. ನಾನು ಅಭ್ಯಾಸದಂತೆ ಮುತ್ತುಗದ ಎಲೆ ಹೊಸ್ತಿಲ ಬಳಿ ಹಾಸಿದ್ದೆ. ಅದನ್ನು ನೋಡಿ ತಲೆಯಾಡಿಸಿದರು.

"ಅಲ್ಲಿ ಬೇಡ. ಬಾಳೆ ಎಲೆ ತಗೊಂಬಾ. ಅವರ ಪಕ್ಕದಲ್ಲಿ ಹಾಕು."

"ಸಾಲಲ್ಲೇನಮ್ಮಾ?" ಎಂದರು ನಮ್ಮವರು. ಶ್ರೀನಿವಾಸಪುರದಿಂದ ಬಂದ ರಾತ್ರಿಯೇ ಅವರಿಗೆ ಎಲ್ಲವನ್ನೂ ಹೇಳಿದ್ದೆ, ಅಂದಿನಿಂದ ಅವರು ತಮಾಷೆ ಮಾಡುವುದನ್ನು ಬಿಟ್ಟಿದ್ದರು. "ಊರೋರು ನೋಡಿದ್ರೆ?"

"ಬಾಗ್ಲು ಹಾಕಿರ್ತೀವಲ್ಲೋ. ಅವಳು ಆವತ್ತು ಹೊಳೆ ದಾಟಿಸ್ದೇ ಇದ್ದಿದ್ರೆ ನೀನೆಲ್ಲಿ ಇರ್ತಿದ್ದೆ, ಈ ಮಗು ಎಲ್ಲಿ ಇರ್ತಿತ್ತು? ಹೊಸ್ತಿಲಲ್ಲಿ ಕೂರಿಸೋದಾ ಅಂಥೋಳನ್ನ?"

ಹುರುಳಿ, ಬೆಲ್ಲ, ಕಲ್ಲುಪ್ಪು. ಒಂದೊಂದನ್ನೂ ತಾವೇ ಬಡಿಸಿದರು. ಕೊನೆಗೆ ನನ್ನ ಕಡೆ ನೋಡಿದರು, ನಾನು ಎಣ್ಣೆ ಸವರಿಟ್ಟಿದ್ದ ಪಟ್ಟಿಯನ್ನು ಎಲೆಯ ಪಕ್ಕದಲ್ಲಿ ಇಟ್ಟೆ.

ಬಾಗಿಲು ಮುಂದೆ ಮಾಡಿ ಜಗಲಿಯಲ್ಲಿ ಕೂತೆವು. ಮಗಳು ನನ್ನ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಸಂದಿಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು. ಆಂಜಿನಮ್ಮನ ಕತ್ತೆ ಮೂಟೆ ಹೊತ್ತು ನಮ್ಮ ಮುಂದೆಯೇ ಹಾದು ಹೋಯಿತು. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು. ಅವತ್ತು ಅದು ಕೂಗಲಿಲ್ಲ.

ನಮ್ಮವರು ಬಾಗಿಲು ತೆಗೆಯಲು ಎದ್ದು ಕೆಮ್ಮಲು ಹೊರಟರು. ಅತ್ತೆ ಅವರ ಕೈ ಹಿಡಿದು ಕೂರಿಸಿದರು.

"ಕೆಮ್ಮಬೇಡ್ವೋ, ಸದ್ದಿಗೆ ಬೆದರುತ್ತೆ. ನಿಧಾನವಾಗಿ ತಿನ್ಲಿ."

ಇನ್ನೂ ಒಂದಷ್ಟು ಹೊತ್ತು ಕೂತೆವು. ಆಮೇಲೆ ಅತ್ತೆಯೇ ಎದ್ದು, ಸದ್ದಾಗದಂತೆ ಬಾಗಿಲು ತಳ್ಳಿ ಒಳಗೆ ಹೋದರು. ಆ ಎಲೆಯ ಹುರುಳಿಯನ್ನು ಎತ್ತಿಗೆ ಹಾಕುವ ಮೊದಲು ಒಂದು ಹಿಡಿ ತೆಗೆದು ತಾವು ಬಾಯಿಗೆ ಹಾಕಿಕೊಂಡರು, ಒಂದು ಹಿಡಿ ಮಗನಿಗೆ, ಒಂದು ಹಿಡಿ ನನಗೆ. ನಿದ್ದೆಯಲ್ಲಿದ್ದ ಮಗಳ ತುಟಿಗೆ ಒಂದು ಕಾಳು ಮುಟ್ಟಿಸಿದರು. ಮಿಕ್ಕದ್ದನ್ನು ಎಲೆಯ ಸಮೇತ ಕೊಟ್ಟಿಗೆಗೆ ಒಯ್ದು ಎತ್ತಿನ ಮುಂದಿಟ್ಟು, ಅದು ತಿಂದು ಮುಗಿಸುವವರೆಗೂ ಅದರ ಗಂಟಲು ಸವರುತ್ತಾ ನಿಂತಿದ್ದರು.